3302ನೇ ಸೊನ್ನೆ

2023ರ ಜುಲೈ ಕೊನೆಯ ವಾರ. ಮಳೆ ಒಂದು ಗಂಟೆ ಬಿಡುವು ಕೊಟ್ಟಿತ್ತು. ನಮ್ಮ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವ, ಔಷಧಿ ಹೊಡೆಯುವವ, ನನ್ನ ಓರಗೆಯವನೇ, ಅಂಗಳದ ತುದಿಯಲ್ಲಿ ನಿಂತು ಕಂಬಳಿ ಕೊಡವುತ್ತ ಕೇಳಿದ: "ಹೆಗಡೇರೆ, ಈ ವರ್ಷ ಎರಡ್ನೇ ಔಷ್ದಿ ಹೊಡ್ಸೂದಿಲ್ವ?"

"ಇನ್ನೂ ದಿನ ಬರ್ಲಿಲ್ಲ ಮಾರಾಯ, ಬಂದ್ರೆ ಕಂಪ್ಯೂಟರೇ ಹೇಳ್ತದೆ" ಅಂದೆ. ಅವನು ಒಮ್ಮೆ ತೋಟದ ಕಡೆ ನೋಡಿದ, ಒಮ್ಮೆ ನನ್ನ ಕಡೆ ನೋಡಿದ, ಸುಮ್ಮನಾದ. ಒಳಗೆ ಹೋಗಿ ಬೆರಳೆಣಿಸಿದರೆ ಮೊದಲ ಔಷಧಿ ಹೊಡೆಸಿ 52 ದಿನವಾಗಿತ್ತು.

ಅಡಿಕೆ ತೋಟ ಇಲ್ಲದವರಿಗೆ ಹೇಳುವುದಾದರೆ, ಕೊಳೆರೋಗ ತಡೆಯಲು ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ ಬೋರ್ಡೋ ಎಂಬ ಔಷಧಿ ದ್ರಾವಣ ಹೊಡೆಸಬೇಕು, ಅದಾಗಿ 40–45 ದಿನಕ್ಕೆ ಇನ್ನೊಮ್ಮೆ. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ, ನೀರು, ಇಷ್ಟೇ ಸಾಮಗ್ರಿ. ದಿನ ತಪ್ಪಬಾರದು. ಅದಕ್ಕೆಂದೇ ನಾನು ಆ ವರ್ಷ ತೋಟದ ಕೆಲಸವನ್ನೆಲ್ಲ ಆರ್ಗ್ ಮೋಡಿಗೆ ಹಾಕಿದ್ದು.

ಆರ್ಗ್ ಮೋಡ್ ಅಂದರೆ ಇಮ್ಯಾಕ್ಸ್ ಎಂಬ ಹಳೆಯ ಪಠ್ಯ ಸಂಪಾದಕದೊಳಗಿನ ಟಿಪ್ಪಣಿ ಪುಸ್ತಕ. ಕಾರ್ಸ್ಟನ್ ಡೊಮಿನಿಕ್ ಅಂತ ಆಮ್‌ಸ್ಟರ್‌ಡ್ಯಾಮಿನ ಖಗೋಳ ವಿಜ್ಞಾನಿ 2003ರಲ್ಲಿ ತನ್ನ ಅನುಕೂಲಕ್ಕೆ ಬರೆದುಕೊಂಡದ್ದು, 2007ರಿಂದ ಇಮ್ಯಾಕ್ಸ್ ಜೊತೆಗೇ ಬರುತ್ತದೆ. ಕಡತ ಬರೀ ಪಠ್ಯ. ನಕ್ಷತ್ರ ಚಿಹ್ನೆ ಹಾಕಿದರೆ ಶೀರ್ಷಿಕೆ, < > ಒಳಗೆ ವರ್ಷ-ತಿಂಗಳು-ದಿನ ಬರೆದರೆ ತಾರೀಖು. ಅಜೆಂಡಾ ತೆರೆದರೆ ಎಲ್ಲ ಕಡತಗಳ ತಾರೀಖುಗಳನ್ನೂ ಹೆಕ್ಕಿ ಇವತ್ತು ಏನೇನು ಅಂತ ಒಂದೇ ಪುಟದಲ್ಲಿ ಇಡುತ್ತದೆ.

ನನ್ನ ಅಜೆಂಡಾ ದಿನಾ ಬೆಳಿಗ್ಗೆ ಸರಿಯಾಗಿಯೇ ತೋರಿಸುತ್ತಿತ್ತು. ಸಾಲದ ಕಂತು, ಸೊಸೈಟಿ ಸಭೆ, ವಿದ್ಯುತ್ ಬಿಲ್ಲು. ಹಾಗಾಗಿಯೇ ಅನುಮಾನ ಬರಲಿಲ್ಲ. ಪೂರ್ತಿ ಖಾಲಿ ಇದ್ದಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು. ತೋಟದ ಕಡತ ಒಂದೇ ಬಾಯಿ ಮುಚ್ಚಿಕೊಂಡಿತ್ತು, ಮೊದಲ ಔಷಧಿಯನ್ನು ನಾನು ಮೋಡ ನೋಡಿಯೇ ಹೊಡೆಸಿದ್ದರಿಂದ ಅದು ಬಾಯಿ ಮುಚ್ಚಿದ್ದು ನನಗೆ ಕೇಳಲಿಲ್ಲ.

ಮೊದಲು ಅಜೆಂಡಾ ಓದುವ ಕಡತಗಳ ಪಟ್ಟಿ ನೋಡಿದೆ. ತೋಟದ ಕಡತ ಅದರಲ್ಲಿತ್ತು. ಇಮ್ಯಾಕ್ಸ್ ಮುಚ್ಚಿ ತೆರೆದೆ, ಇಲ್ಲ. ಆಮೇಲೆ ಅರ್ಧ ಕಡತ ಅಳಿಸಿ ನೋಡುವುದು, ಉಳಿದದ್ದರಲ್ಲಿ ಮತ್ತರ್ಧ ಅಳಿಸುವುದು. ನಕಲು ಪ್ರತಿಯಲ್ಲೇ ಮಾಡಿದೆ, ಅಷ್ಟು ಬುದ್ಧಿ ಇತ್ತು. ಕೊನೆಗೆ ಎರಡೇ ಸಾಲು ಉಳಿಯಿತು. ಒಂದು ಶೀರ್ಷಿಕೆ, ಅದರ ಕೆಳಗೆ ಎರಡನೇ ಔಷಧಿಯ ತಾರೀಖು:

<2೦23-೦7-17>

ಈಗ ನೀವು ಹಿಡಿದುಬಿಟ್ಟಿರಬಹುದು. ನನಗೆ ಹೊಳೆಯಲಿಲ್ಲ, ನನ್ನ ತೆರೆಯ ಅಕ್ಷರವಿನ್ಯಾಸದಲ್ಲಿ ವ್ಯತ್ಯಾಸ ಕೂದಲೆಳೆಯಷ್ಟು. ಪಕ್ಕದಲ್ಲೇ ಆರ್ಗಿನ ಕೀಲಿ ಒತ್ತಿ ಅದೇ ತಾರೀಖು ಹೊಸದಾಗಿ ಹಾಕಿದೆ. ಹೊಸದಕ್ಕೆ ಬಣ್ಣ ಬಂತು, ಕೆಳಗೆ ಗೆರೆ ಬಂತು. ಹಳೆಯದು ಕಪ್ಪಗೆ ಕುಳಿತೇ ಇತ್ತು. 2023 ಅಂತ ಹುಡುಕಿದರೆ ಹೊಸ ಸಾಲಿಗೆ ಹೋಗಿ ನಿಂತಿತು. ಕಣ್ಣೆದುರು ಎರಡು 2023 ಇದೆ, ಇಮ್ಯಾಕ್ಸ್ ಒಂದೇ ಇದೆ ಅನ್ನುತ್ತದೆ!

ಬೋರ್ಡೋ ಕಲಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುವ ಕ್ರಮ ಇದೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಬರಿಗಣ್ಣಿಗೆ ಎರಡು ಡ್ರಮ್ಮೂ ಒಂದೇ ನೀಲಿ. ಇಮ್ಯಾಕ್ಸಿನಲ್ಲೂ ಅಂಥದ್ದೊಂದು ಕತ್ತಿ ಇದೆ. ಅಕ್ಷರದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಎಕ್ಸ್ ಒತ್ತಿ, ಆಮೇಲೆ ಸಮ ಚಿಹ್ನೆ ಒತ್ತಿದರೆ ಆ ಅಕ್ಷರದ ಸಂಖ್ಯೆಯನ್ನು ಕೆಳಗೆ ತೋರಿಸುತ್ತದೆ. ಹೊಸ ಸಾಲಿನ ಸೊನ್ನೆ 48. ಹಳೆ ಸಾಲಿನ ಸೊನ್ನೆ 3302. ಅದು ಕನ್ನಡದ ೦.

ತಪ್ಪು ಪೂರ್ತಿ ನನ್ನದೇ. ತೋಟದ ಪಟ್ಟಿ ಮೊದಲು ಹಳೆಯ ಅಸ್ಕಿ ಫಾಂಟಿನಲ್ಲಿತ್ತು (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ ಫಾಂಟು), ತಾರೀಖೆಲ್ಲ ಕನ್ನಡ ಅಂಕಿ. ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಯೂನಿಕೋಡಿಗೆ ತಿರುಗಿಸಿದಾಗ ಅಂಕಿಗಳೂ ಕನ್ನಡವಾಗಿಯೇ ಬಂದವು. ಆರ್ಗಿಗೆ ತಾರೀಖಿನಲ್ಲಿ ಇಂಗ್ಲಿಷ್ ಅಂಕಿಯೇ ಬೇಕು ಅಂತ ತಿಳಿದಿತ್ತು, ಆದ್ದರಿಂದ ಕೂತು ೧ರಿಂದ ೯ರವರೆಗೆ ಒಂದೊಂದನ್ನೇ ಹುಡುಕಿ ಬದಲಿಸಿದೆ. ಸೊನ್ನೆ ನೋಡಿದೆ, ದುಂಡಗಿತ್ತು, ಸೊನ್ನೆಯ ಹಾಗೇ ಇತ್ತು. ಬಿಟ್ಟೆ. 2000ನೇ ಇಸವಿ ಆದ ಮೇಲಿನ ಯಾವ ತಾರೀಖಿನಲ್ಲಿ ಸೊನ್ನೆ ಇಲ್ಲ ಹೇಳಿ? ಇಡೀ ಕಡತ ಅಜೆಂಡಾದಿಂದ ಹೊರಗೆ ಹೋಯಿತು, ಒಂದು ದೋಷ ಸೂಚನೆಯೂ ಇಲ್ಲದೆ. ಆರ್ಗಿನ ದೃಷ್ಟಿಯಲ್ಲಿ ಅದು ತಪ್ಪಾದ ತಾರೀಖಲ್ಲ, ತಾರೀಖೇ ಅಲ್ಲ, ಸುಮ್ಮನೆ ಬರಹ.

ಆ ವರ್ಷ ಕೆಳಗಿನ ತೋಟದಲ್ಲಿ ಕೊಳೆ ಬಂತು. ಮಳೆಗೆ ಬಂತೋ ನನ್ನ ಸೊನ್ನೆಗೆ ಬಂತೋ, ಮನೆಯಲ್ಲಿ ಎರಡು ಅಭಿಪ್ರಾಯ ಇದೆ.

ಸರಿಪಡಿಸಲು ಕೂತಾಗ ಇನ್ನೊಂದು ಗಮನಕ್ಕೆ ಬಂತು. ೦ಕ್ಕೆ ಒಬ್ಬ ಅವಳಿ ಇದ್ದಾನೆ: ಅನುಸ್ವಾರ, ಸಂಖ್ಯೆ 3202. ಸರಿಯಾಗಿ ನೂರರ ಅಂತರ. ಹಳೆ ಟಿಪ್ಪಣಿಗಳಲ್ಲಿ ಎಷ್ಟೋ ಕಡೆ ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂತಿತ್ತು. "ಅ೦ಗಡಿ", "ತೆ೦ಗು". ಅಂಗಡಿ ಅಂತ ಹುಡುಕಿದರೆ ಅರ್ಧ ಸಿಗುತ್ತಿರಲಿಲ್ಲ. ಕಡತ ಉಳಿಸುವ ಮೊದಲು ತಾನಾಗಿ ಓಡುವ ಹಾಗೆ ಇಮ್ಯಾಕ್ಸಿನ ಲಿಸ್ಪ್ ಭಾಷೆಯಲ್ಲಿ ಒಂದು ಪುಟ್ಟ ತುಣುಕು ಬರೆದೆ. ಮೊದಲ ಸಲ ಹುಮ್ಮಸ್ಸಿನಲ್ಲಿ, < > ಹೊರಗಿನ ಎಲ್ಲ ೦ವನ್ನೂ ಅನುಸ್ವಾರ ಮಾಡು ಅಂದೆ. ಬೋರ್ಡೋ ಅಳತೆ ಬರೆದ ಸಾಲು ಹೀಗಾಯಿತು: ಮೈಲುತುತ್ತ ೧ ಕೆಜಿ, ಸುಣ್ಣ ೧ ಕೆಜಿ, ನೀರು ೧ಂಂ ಲೀಟರ್.

ಈಗಿನ ನಿಯಮ ಬೇರೆ. < > ಅಥವಾ [ ] ಒಳಗೆ ನಾಲ್ಕು ಅಂಕಿಯಿಂದ ಶುರುವಾದದ್ದಿದ್ದರೆ ಅಲ್ಲಿನ ಕನ್ನಡ ಅಂಕಿಗಳನ್ನು ಇಂಗ್ಲಿಷ್ ಮಾಡು. ಹೊರಗೆ, ೦ದ ಹಿಂದೆ ಕನ್ನಡ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅನುಸ್ವಾರ ಮಾಡು, ಅಂಕಿ ಇದ್ದರೆ ಮುಟ್ಟಬೇಡ. ಬರಹದೊಳಗಿನ ಕನ್ನಡ ಅಂಕಿ ಹಾಗೇ ಇರಲಿ, ಅವು ನನಗೆ ಇಷ್ಟ.

ಔಷಧಿಯ ನಮೂದನ್ನೂ ಬದಲಿಸಿದೆ. ಮೊದಲು ಎರಡು ನಮೂದು, ಎರಡಕ್ಕೂ ಗಟ್ಟಿ ತಾರೀಖು. ಆದರೆ ಮಳೆ ನೋಡಿಕೊಂಡು ಮೊದಲನೆಯದು ಹತ್ತು ದಿನ ಆಚೀಚೆ ಆಗಿಯೇ ಆಗುತ್ತದೆ, ಆಗ ಎರಡನೆಯದರ ತಾರೀಖಿಗೆ ಅರ್ಥವೇ ಇಲ್ಲ. ಈಗ ಒಂದೇ ನಮೂದು, ತಾರೀಖಿನ ಬಾಲಕ್ಕೆ ಚುಕ್ಕಿ, ಕೂಡುವ ಚಿಹ್ನೆ, 45 ಮತ್ತು ದಿನ ಅನ್ನಲು ಡಿ. ಬರೀ ಕೂಡುವ ಚಿಹ್ನೆ ಹಾಕಿದರೆ ಹಳೆಯ ತಾರೀಖಿಗೆ 45 ಸೇರಿಸುತ್ತದೆ. ಚುಕ್ಕಿ ಮುಂದಿದ್ದರೆ ಕೆಲಸ ಮುಗಿಯಿತು ಅಂತ ಗುರುತು ಹಾಕಿದ ದಿನದಿಂದ ಎಣಿಸುತ್ತದೆ. ನಮಗೆ ಬೇಕಾದದ್ದು ಈ ಚುಕ್ಕಿ. ಯಾವ ದಿನ ಮುಗಿಯಿತು ಅಂತಲೂ ಕೆಳಗೆ ಬರೆದಿಡುತ್ತದೆ, ಡೈರಿ ಬೇರೆ ಬೇಡ.

ಕೋಷ್ಟಕಗಳ ಗೋಳು ಹಾಗೇ ಇದೆ. ಆರ್ಗ್ ಅಕ್ಷರ ಎಣಿಸಿ ಗೆರೆ ಎಳೆಯುತ್ತದೆ, ಕನ್ನಡದ ಒಂದೊಂದು ಅಕ್ಷರ ಒಂದೊಂದು ಅಗಲ. ವಿಅಲೈನ್ ಎಂಬ ಪ್ಯಾಕೇಜ್ ಪಿಕ್ಸೆಲ್ ಅಳೆದು ಗೆರೆ ಕೂರಿಸುತ್ತದೆ, ಅದನ್ನು ಹಾಕಿಕೊಂಡು ಸುಮ್ಮನಿದ್ದೇನೆ.

ಕೊನೆಗೆ ಸಿಕ್ಕಿದ್ದು ಟ್ಯಾಗ್. ಮೋಟರ್ ರಿಪೇರಿ ಸಂಬಂಧದ್ದಕ್ಕೆಲ್ಲ :ಪಂಪ್‌ಸೆಟ್: ಅಂತ ಟ್ಯಾಗ್ ಹಾಕಿದ್ದೆ. ಟ್ಯಾಗ್ ಹಿಡಿದು ಹುಡುಕಿದರೆ ಒಂದೂ ಬರಲಿಲ್ಲ. ಈ ಸಲ ತಡಮಾಡದೆ ಕತ್ತಿ ಅದ್ದಿದೆ. ಪ್ ಮತ್ತು ಸೆ ನಡುವೆ 8204, ಅಕ್ಷರಗಳು ಒತ್ತಾಗದಂತೆ ತಡೆಯುವ ಕಾಣದ ಅಕ್ಷರ. ಟ್ಯಾಗಿನೊಳಗೆ ಅಕ್ಷರ, ಅಂಕಿ ಮತ್ತು ನಾಲ್ಕೇ ನಾಲ್ಕು ಚಿಹ್ನೆಗಳಿಗೆ ಮಾತ್ರ ಪ್ರವೇಶ. ಇದು ಯಾವುದರಲ್ಲೂ ಸೇರಿದ್ದಲ್ಲ. ತೆಗೆದರೆ "ಪಂಪ್ಸೆಟ್" ಅಂತ ಒತ್ತಾಗಿ ವಿಕಾರವಾಗಿ ಕಾಣುತ್ತದೆ. ಈಗ :ಪಂಪು: ಅಂತ ಬರೆಯುತ್ತೇನೆ. ಮನೆಯಲ್ಲಿ ಎಲ್ಲರೂ ಅನ್ನುವುದೂ ಹಾಗೇ, ಪಂಪ್‌ಸೆಟ್ ಅನ್ನುತ್ತಿದ್ದವನು ನಾನೊಬ್ಬನೇ.