ಮಣ್ಣೆತ್ತಿನ ಮರುದಿನ, ಒಂದನೇ ತರಗತಿ

ಗುರುವಾರ, 26 ಜೂನ್ 2025
ಚಳ್ಳಕೆರೆ ತಾಲ್ಲೂಕು

ನಿನ್ನೆ ಮಣ್ಣೆತ್ತಿನ ಅಮಾವಾಸ್ಯೆ. ಇವತ್ತು ಪ್ರಾರ್ಥನೆಗೆ ನಿಲ್ಲುವಾಗಲೇ ನಲಿಕಲಿ ಮಕ್ಕಳ, ಅಂದರೆ ಒಂದರಿಂದ ಮೂರನೇ ತರಗತಿವರೆಗೆ ಒಟ್ಟಿಗೆ ಕೂತು ಆಡುತ್ತ ಕಲಿಯುವವರ, ಕೈಯಲ್ಲಿ ಎತ್ತುಗಳು. ಪೂಜೆಗೆ ಇಟ್ಟ ಎತ್ತುಗಳಲ್ಲ, ಅವು ಮನೆಯಲ್ಲಿ ದೇವರ ಮುಂದಿವೆ. ಇವು ಮಕ್ಕಳೇ ಕೂತು ಮಾಡಿದವು. ಒಂದಕ್ಕೆ ಕಣ್ಣಿನ ಜಾಗದಲ್ಲಿ ಗುಲಗಂಜಿ, ಇನ್ನೊಂದಕ್ಕೆ ಮೈತುಂಬ ಜೋಳದ ಕಾಳು. ಒಬ್ಬಳು ಗ್ವಾದಲಿಯನ್ನೂ (ದನಕ್ಕೆ ಮೇವು ಹಾಕುವ ತೊಟ್ಟಿ) ಮಾಡಿ ತಂದಿದ್ದಳು, ಒಳಗೆ ನಿಜವಾದ ಹುಲ್ಲು. ಉಳಿದ ಕೆರೆಮಣ್ಣು ಇದ್ದರೆ ತನ್ನಿ ಅಂತ ಮೊನ್ನೆಯೇ ಹೇಳಿದ್ದೆ. ಒಂದು ಬಕೆಟ್ ತುಂಬ ಬಂತು.

ಇಡೀ ಬೆಳಗ್ಗೆ ಆ ಮಣ್ಣಲ್ಲೇ ಕಳೆಯಿತು. ಮೊದಲು ಗುಂಡಗೆ ಗುಳಿಗೆ ಮಾಡಿಸಿದೆ, ಆಮೇಲೆ ಎರಡೂ ಅಂಗೈ ನಡುವೆ ಉಜ್ಜಿ ಉದ್ದನೆಯ ಸುರುಳಿ. ಸುರುಳಿ ಒಂದೇ ದಪ್ಪಕ್ಕೆ ಬರಬೇಕಾದರೆ ಕೈಯ ಒತ್ತಡ ಹಿಡಿತದಲ್ಲಿರಬೇಕು. ಕೊಂಬು ಚೂಪು ಮಾಡುವಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಕೂಡಿ ಕೆಲಸ ಮಾಡುತ್ತವೆ. ಪೆನ್ಸಿಲ್ ಹಿಡಿಯುವುದೂ ಅದೇ ಮೂರು ಬೆರಳು. ಜೂನ್ ತಿಂಗಳಲ್ಲಿ ನಾನು ಮಣ್ಣು, ಮಣಿ ಪೋಣಿಸುವುದು, ಕಾಳು ಆರಿಸುವುದು, ಕಾಗದ ಹರಿದು ಅಂಟಿಸುವುದು ಇವನ್ನೇ ಹಿಡಿದು ಕೂರುವುದಕ್ಕೆ ಕಾರಣ ಇದು. ವಿದ್ಯಾಪ್ರವೇಶ ಅಂತ ಒಂದನೇ ತರಗತಿಯ ಮೊದಲ ದಿನಗಳನ್ನು ಆಟಕ್ಕೆ ಕೊಟ್ಟಿರುವುದನ್ನು ಪೂರ್ತಿ ಆಟಕ್ಕೇ ಬಳಸಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಸುರುಳಿ ಸರಾಗವಾಗಿ ಬರತೊಡಗಿದ ಮೇಲೆ ನೆಲದ ಮೇಲೆ ಸುಣ್ಣದಕಡ್ಡಿಯಲ್ಲಿ ದೊಡ್ಡದಾಗಿ ರ, ಗ, ಸ, ದ, ಅ ಬರೆದೆ. ಅದರ ಮೇಲೇ ಸುರುಳಿ ಕೂರಿಸಬೇಕು. ನಲಿಕಲಿಯಲ್ಲಿ ಅಕ್ಷರ ಶುರುವಾಗುವುದು ಈ ಐದರಿಂದ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ ಈ ಪದ್ಧತಿಯಲ್ಲಿ ನನಗೆ ತುಂಬ ಹಿಡಿಸಿದ್ದು ಅಕ್ಷರಗಳನ್ನು ಆರಿಸಿದ ರೀತಿ. ಅ ಆ ಇ ಈ ಕಲಿತ ಮಗುವಿಗೆ ಅಷ್ಟರಲ್ಲೇ ಓದಿ ಖುಷಿಪಡಲು ಪದ ಸಿಗುವುದಿಲ್ಲ. ಈ ಐದು ಕಲಿತರೆ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಒತ್ತಕ್ಷರ ಬೇಡ, ಕಾಗುಣಿತ ಬೇಡ. ಕಲಿತ ವಾರದಲ್ಲೇ ಮಗು ಓದುಗನಾಗುತ್ತದೆ.

ಗ್ವಾದಲಿ ತಂದ ಹುಡುಗಿ ರ ಮಾಡಿದ್ದನ್ನು ನೋಡಬೇಕಿತ್ತು. ಕೆಳಗಿನ ದುಂಡು ಒಂದು ಸುರುಳಿ. ತಲೆಕಟ್ಟನ್ನು ಬೇರೆ ಸುರುಳಿಯಲ್ಲಿ ಮಾಡಿ, ತುದಿ ನೀರಲ್ಲಿ ಅದ್ದಿ, ಎತ್ತಿಗೆ ಕೊಂಬು ಕೂರಿಸುವ ಹಾಗೆ ಒತ್ತಿ ಅಂಟಿಸಿದಳು. ಅಲ್ಲಾಡಿಸಿ ನೋಡಿ, ಗಟ್ಟಿಯಾಗಿದೆ ಅಂತ ಖಾತ್ರಿಯಾದ ಮೇಲೆ ಪಕ್ಕದವಳ ಸ ಎಳೆದುಕೊಂಡು ಮುಂದೆ ಇಟ್ಟಳು. "ಮಿಸ್, ಸರ!" ಪಕ್ಕದವಳು ಎರಡನ್ನೂ ಅದಲುಬದಲು ಮಾಡಿ "ರಸ" ಅಂದಳು. ನಾನು ಹೇಳಿಕೊಟ್ಟಿರಲಿಲ್ಲ.

ಮೂರೂ ತರಗತಿ ಒಂದೇ ಕೋಣೆಯಲ್ಲಿರುವುದರಿಂದ ಎತ್ತುಗಳು ಎಲ್ಲರಿಗೂ ಪಾಠವಾದವು. ಎರಡನೆಯವರು ಜೋಡಿ ಕಟ್ಟಿ ಎಣಿಸಿದರು, ಒಂಟಿ ಉಳಿದದ್ದು ಯಾವುದು ಅಂತ ನೋಡಿದರು. ಮೂರನೆಯವರಿಗೆ ನಾಲ್ಕರ ಮಗ್ಗಿ: ಒಂದು ಎತ್ತಿಗೆ 4 ಕಾಲು, ಎರಡಕ್ಕೆ 8, ಮೂರಕ್ಕೆ 12. ಏಳು ಎತ್ತು ಸಾಲಾಗಿ ನಿಲ್ಲಿಸಿ ಒಟ್ಟು ಕಾಲು ಎಷ್ಟು ಅಂದೆ. ಎಲ್ಲರೂ 28 ಅಂದರು. ಒಬ್ಬ ಮಾತ್ರ ಬಗ್ಗಿ ನೋಡಿ, "ಇದ್ರುದ್ದೊಂದು ಕಾಲು ಮುರ್ದೈತೆ ಮಿಸ್, 27" ಅಂದ. ಮಗ್ಗಿ ಬಾಯಿಪಾಠವಾಗಿದ್ದ ಮಾತ್ರಕ್ಕೆ ಈ ಉತ್ತರ ಬರುವುದಿಲ್ಲ. ಕಣ್ಣೆದುರು ವಸ್ತು ಇರಬೇಕು, ಅದನ್ನು ಮುಟ್ಟಲು ಬಿಡಬೇಕು.

ಒಂದನೆಯವರಿಗೆ ಗಣಿತಕ್ಕೆ ಹುಣಸೆಬೀಜ. ಐದು ಬೀಜ ತೋರಿಸಿ, ಕೆಲವನ್ನು ಅಂಗೈಯಲ್ಲಿ ಮುಚ್ಚಿ, ಹೊರಗಿರುವುದನ್ನು ನೋಡಿ ಒಳಗೆಷ್ಟು ಹೇಳಬೇಕು. ಐದು ಚೆನ್ನಾಗಿ ಬಂದ ಮೇಲೆ ಆರು, ಏಳು. ಕೂಡುವುದು, ಕಳೆಯುವುದು ಎರಡೂ ಒಂದೇ ಆಟದಲ್ಲಿ ಬರುತ್ತದೆ.

ಇವತ್ತು ನನಗೆ ಬಹಳ ಸಂತೋಷ ಕೊಟ್ಟದ್ದು ಇನ್ನೊಂದು. ಮನೆಯಲ್ಲಿ ತೆಲುಗು ಮಾತಾಡುವ ಒಬ್ಬ ಹುಡುಗ ಶಾಲೆ ಶುರುವಾದಾಗಿನಿಂದ ಗುಂಪಲ್ಲಿ ಬಾಯಿ ಬಿಟ್ಟಿರಲಿಲ್ಲ. ವೃತ್ತದಲ್ಲಿ ಕೂತು ಎಲ್ಲರೂ ತಂತಮ್ಮ ಎತ್ತಿನ ಬಗ್ಗೆ ಹೇಳುವಾಗ ಅವನ ಸರದಿ ಬಂತು. ನಿನ್ನ ಮನೆ ಮಾತಲ್ಲೇ ಹೇಳಪ್ಪ ಅಂದೆ. ತೆಲುಗಲ್ಲಿ ಶುರುವಾದವನು ನಿಲ್ಲಿಸಲೇ ಇಲ್ಲ. ಅವನ ಎತ್ತು ಗಾಡಿ ಎಳೆಯುವುದಲ್ಲವಂತೆ, ದೇವರೆತ್ತಂತೆ. ಅದನ್ನು ಹೊಲ ಉಳಲು ಹೂಡುವುದಿಲ್ಲ, ಕಿಲಾರಿ ಅದನ್ನು ಮೇಯಿಸುತ್ತಾನೆ, ಎಲ್ಲರೂ ಕೈಮುಗಿಯುತ್ತಾರೆ. ಎರಡನೇ ತರಗತಿಯ ಹುಡುಗಿ ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿ ನಮಗೆ ಹೇಳಿದಳು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ದೇವರೆತ್ತುಗಳ ಬಗ್ಗೆ ಐದೂವರೆ ವರ್ಷದ ಮಗು ಇಷ್ಟೆಲ್ಲ ಬಲ್ಲದು! ಮನೆಮಾತನ್ನು ಬಾಗಿಲ ಹೊರಗೇ ನಿಲ್ಲಿಸಿದರೆ ಆ ತಿಳಿವಳಿಕೆಯೂ ಹೊರಗೇ ಉಳಿಯುತ್ತದೆ. ಕೊನೆಯಲ್ಲಿ ಅವನೇ ಕನ್ನಡದಲ್ಲಿ "ಕಿಲಾರಿ ನಮ್ಮ ತಾತ" ಅಂದ.

ಬಿಸಿಯೂಟದ ಹೊತ್ತಿಗೆ ಒಬ್ಬರು ಅಜ್ಜಿ ಬಂದಿದ್ದರು. ಮೊಮ್ಮಗಳ ಕೈ ಉಗುರಲ್ಲಿ ಮಣ್ಣು ನೋಡಿ, "ಟೀಚರಮ್ಮ, ಪಕ್ಕದ್ಮನೆ ಹುಡುಗ ಕಾನ್ವೆಂಟ್ನಾಗೆ ನೂರರ ತಂಕ ಬರೀತಾನೆ. ನಮ್ಮುಡ್ಗಿಗೆ ಯಾವಾಗ ಬರ್ಸ್ತೀರಿ?" ಅಂದರು. ಕೇಳಬೇಕಾದ ಪ್ರಶ್ನೆಯೇ. ಮೊಮ್ಮಗಳನ್ನು ಕರೆದು ಮಣ್ಣಿನ ಅಕ್ಷರ ಓದಿಸಿದೆ. ಆಮೇಲೆ ಹೇಳಿದೆ: "ಅಜ್ಜಿ, ಒಂದನೇ ತರಗತಿ ಮುಗಿಯೋ ಹೊತ್ತಿಗೆ ನಾಲ್ಕೈದು ಪದದ ಸಣ್ಣ ವಾಕ್ಯ ಓದಬೇಕು, 99ರ ತನಕ ಸಂಖ್ಯೆ ಬರಬೇಕು. ಕೇಂದ್ರದ ಓದು-ಲೆಕ್ಕದ ಯೋಜನೆ ನಿಪುಣ್ ಭಾರತ್‌ನಲ್ಲೂ ಗುರಿ ಅಷ್ಟೇ. ಮಾರ್ಚ್ ತನಕ ಟೈಮಿದೆ. ಈಗಲೇ ಬೆರಳು ಸೋಲಿಸಿದರೆ ಬರವಣಿಗೆ ಕಂಡರೆ ಓಡ್ತಾಳೆ." ಈ 2025–26ನೇ ಸಾಲಿಗೆ ಒಂದನೇ ತರಗತಿಗೆ ಆರು ವರ್ಷದ ನಿಯಮ ಸಡಿಲಿಸಿ 5 ವರ್ಷ 5 ತಿಂಗಳ ಮಕ್ಕಳಿಗೂ ಅವಕಾಶ ಕೊಟ್ಟಿದ್ದಾರೆ. ಅಷ್ಟು ಎಳೆಯ ಬೆರಳುಗಳಿಗೆ ನಾಲ್ಕು ಗೆರೆ ಪುಸ್ತಕ ಕೊಟ್ಟು ಪುಟ ತುಂಬಿಸು ಅನ್ನುವುದು ನನ್ನಿಂದಾಗದು. ರೊಟ್ಟಿ ತಟ್ಟುವಾಗ ಒಂದು ಉಂಡೆ ಹಿಟ್ಟು ಅವಳ ಕೈಗೂ ಕೊಡಿ ಅಂತ ಅಜ್ಜಿಗೆ ಹೇಳಿದ್ದೇನೆ. ಕೊಡ್ತೀನಿ ಅಂದರು.

ಮಣ್ಣಿನ ಅಕ್ಷರಗಳು ಜಗಲಿಯ ನೆರಳಲ್ಲಿ ಒಣಗುತ್ತಿವೆ. ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತವೆ. ಸೋಮವಾರ ಅವಕ್ಕೆ ಕೆಮ್ಮಣ್ಣು, ಸುಣ್ಣ ಬಳಿಸಬೇಕು. ಅಡುಗೆಯವರು ಮನೆಯಿಂದ ಅಳಗುಳಿಮಣೆ ತಂದುಕೊಡುತ್ತೇನೆ ಅಂದಿದ್ದಾರೆ, ಹುಣಸೆಬೀಜ ಇನ್ನೊಂದಷ್ಟು ಬೇಕಾಗುತ್ತದೆ.