ಎರರ್ ಪುಟದಲ್ಲಿರುವ ಕೊಂಡಿಯನ್ನು ಒತ್ತಬಹುದೆ?

2025ರ ನವೆಂಬರ್ 18ರ ಸಂಜೆ ಐದು ಗಂಟೆಯ ಹೊತ್ತಿಗೆ ಎಕ್ಸ್, ಚಾಟ್‌ಜಿಪಿಟಿ ಸೇರಿದಂತೆ ಜಗತ್ತಿನ ಅನೇಕ ಜಾಲತಾಣಗಳು ಇದ್ದಕ್ಕಿದ್ದಂತೆ ನಿಂತುಹೋದವು. ಅವುಗಳ ಜಾಗದಲ್ಲಿ ‘ಇಂಟರ್ನಲ್ ಸರ್ವರ್ ಎರರ್, ಎರರ್ ಕೋಡ್ 500’ ಎಂಬ ಪುಟ ತೆರೆದುಕೊಂಡು, ಹೆಚ್ಚಿನ ಮಾಹಿತಿಗೆ ಕ್ಲೌಡ್‌ಫ್ಲೇರ್ ಡಾಟ್ ಕಾಮ್‌ಗೆ ಹೋಗುವಂತೆ ಒಂದು ಕೊಂಡಿಯನ್ನು ತೋರಿಸುತ್ತಿತ್ತು. ಇನ್ನು ಕೆಲವೆಡೆ, ಮುಂದುವರಿಯಬೇಕಾದರೆ ‘ಚಾಲೆಂಜಸ್ ಡಾಟ್ ಕ್ಲೌಡ್‌ಫ್ಲೇರ್ ಡಾಟ್ ಕಾಮ್’ ಎಂಬ ವಿಳಾಸಕ್ಕೆ ಹಾಕಿರುವ ತಡೆಯನ್ನು ತೆಗೆಯಿರಿ ಎಂಬ ಸೂಚನೆಯೂ ಇತ್ತು. ಕ್ಲೌಡ್‌ಫ್ಲೇರ್ ಎಂಬ ಹೆಸರನ್ನೇ ಕೇಳಿರದವರಿಗೆ ಇದು ವೈರಸ್ಸೋ ಮೋಸವೋ ಎಂಬ ಅನುಮಾನ ಬಂದಿದ್ದರೆ ಅದು ತೀರ ಸಹಜವಾದದ್ದು, ಮತ್ತು ನನ್ನ ಮಟ್ಟಿಗೆ ಆರೋಗ್ಯಕರವಾದದ್ದು.

ಅಂದು ಕಾಣಿಸಿದ ಸಂದೇಶ ಅಸಲಿಯೇ ಆಗಿತ್ತು. ಕ್ಲೌಡ್‌ಫ್ಲೇರ್ ಎಂಬುದು ಓದುಗರಿಗೂ ಜಾಲತಾಣಗಳನ್ನು ಒದಗಿಸುವ ಕಂಪ್ಯೂಟರುಗಳಾದ ಸರ್ವರ್‌ಗಳಿಗೂ ನಡುವೆ ನಿಂತು, ದಾಳಿಗಳನ್ನು ತಡೆಯುವ ಮತ್ತು ಪುಟಗಳನ್ನು ಬೇಗ ತಲುಪಿಸುವ ಸಂಸ್ಥೆ. ಅದರ ಡೇಟಾಬೇಸ್ ಒಂದರ ಅನುಮತಿಗಳಲ್ಲಿ ಮಾಡಿದ ಬದಲಾವಣೆಯಿಂದಾಗಿ, ಬಾಟ್‌ಗಳನ್ನು, ಅಂದರೆ ಮನುಷ್ಯರ ಬದಲು ತಾಣಗಳಿಗೆ ಬರುವ ಸ್ವಯಂಚಾಲಿತ ತಂತ್ರಾಂಶಗಳನ್ನು, ಗುರುತಿಸಲು ಬಳಸುವ ಕಡತವೊಂದರ ಗಾತ್ರ ಇಮ್ಮಡಿಯಾಯಿತು. ಅದನ್ನು ಓದಬೇಕಾದ ತಂತ್ರಾಂಶ ಆ ಗಾತ್ರವನ್ನು ತಾಳಲಾರದೆ ಕುಸಿಯಿತು. ನಮ್ಮ ಸಮಯದ ಪ್ರಕಾರ ರಾತ್ರಿ ಎಂಟರ ಹೊತ್ತಿಗೆ ಹೆಚ್ಚಿನ ಸಂಚಾರ ಮೊದಲಿನಂತಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ತಡೆಯನ್ನು ತೆಗೆಯಿರಿ ಎಂಬ ಆ ಅಸಲಿ ಸೂಚನೆಯಿಂದ ಅಂದು ಯಾರಿಗೂ ಉಪಯೋಗವಾಗುವಂತಿರಲಿಲ್ಲ, ಏಕೆಂದರೆ ದೋಷವಿದ್ದದ್ದು ಕ್ಲೌಡ್‌ಫ್ಲೇರ್‌ನ ಕಡೆಯಲ್ಲಿ. ಆ್ಯಂಟಿವೈರಸ್ಸನ್ನೋ ಜಾಹೀರಾತು ತಡೆಯುವ ಆ್ಯಡ್‌ಬ್ಲಾಕರನ್ನೋ ನಿಲ್ಲಿಸಿ ನೋಡಿದವರಿಗೂ, ಏನೂ ಮಾಡದೆ ಕಾದು ಕುಳಿತವರಿಗೂ ತಾಣಗಳು ಒಂದೇ ಹೊತ್ತಿಗೆ ಮರಳಿ ಸಿಕ್ಕವು.

ಆದ್ದರಿಂದ ಎರರ್ ಸಂದೇಶದಲ್ಲಿ ಕೊಂಡಿಯೊಂದು ಕಂಡಾಗ, ಅದು ಅಸಲಿಯೇ ನಕಲಿಯೇ ಎಂದು ಕೇಳುವುದಕ್ಕೂ ಮೊದಲು, ಅದನ್ನು ಒತ್ತುವ ಅಗತ್ಯ ನನಗಿದೆಯೇ ಎಂದು ಕೇಳಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 500, 502, 503ರಂತಹ ಐದರಿಂದ ಆರಂಭವಾಗುವ ಸಂಖ್ಯೆಗಳೆಲ್ಲ ಸರ್ವರ್ ಕಡೆಯ ತೊಂದರೆಯನ್ನು ಹೇಳುತ್ತವೆ. ಅದನ್ನು ಸರಿಪಡಿಸಬೇಕಾದವರು ಆ ತಾಣದವರು. 404 ಎಂದರೆ ಕೇಳಿದ ಪುಟ ಅಲ್ಲಿಲ್ಲ, 403 ಎಂದರೆ ನೋಡಲು ಅನುಮತಿಯಿಲ್ಲ. ಈ ಯಾವ ಸಂದರ್ಭದಲ್ಲಿಯೂ ಓದುಗರು ಹೊಸ ತಂತ್ರಾಂಶವನ್ನು ಇಳಿಸಿಕೊಳ್ಳಬೇಕಾಗಿಲ್ಲ, ಓಟಿಪಿ ಕೊಡಬೇಕಾಗಿಲ್ಲ, ಯಾರಿಗೂ ಕರೆ ಮಾಡಬೇಕಾಗಿಲ್ಲ. ತಮ್ಮ ಎರರ್ ಸಂದೇಶಗಳಲ್ಲಿ ದೂರವಾಣಿ ಸಂಖ್ಯೆ ಎಂದಿಗೂ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಹೇಳಿದೆ. ಹೀಗಿರುವಾಗ ಪರದೆಯನ್ನೆಲ್ಲ ಆವರಿಸಿ, ಕರ್ಕಶವಾಗಿ ಕೂಗುತ್ತ, ಈ ಸಂಖ್ಯೆಗೆ ಕೂಡಲೇ ಕರೆ ಮಾಡಿ ಎನ್ನುವ ಪುಟದ ವಿಷಯದಲ್ಲಿ ಯೋಚಿಸುವುದಕ್ಕೆ ಏನೂ ಉಳಿದಿಲ್ಲ. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿಹಿಡಿದು, ಬ್ರೌಸರನ್ನೇ ಮುಚ್ಚಿದರೆ ಸಾಕು.

ಬ್ರೌಸರ್ ತಾನಾಗಿಯೇ ತೋರಿಸುವ ಎಚ್ಚರಿಕೆಯ ಸಂಗತಿ ಬೇರೆ. ತಾಣದ ಗುರುತನ್ನು ಖಚಿತಪಡಿಸುವ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ, ನಮ್ಮ ಫೋನಿನ ದಿನಾಂಕ ತಪ್ಪಾಗಿದ್ದರೆ, ಅಥವಾ ನಡುವೆ ಯಾರೋ ಕೈಯಾಡಿಸುತ್ತಿದ್ದರೆ, ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ ಎಂದು ಕ್ರೋಮ್ ತಿಳಿಸುತ್ತದೆ. ಅದರ ‘ಅಡ್ವಾನ್ಸ್ಡ್’ ಗುಂಡಿಯ ಹಿಂದೆ ಇರುವ, ಆದರೂ ಮುಂದುವರಿಯಿರಿ ಎಂಬ ಕೊಂಡಿ ಬ್ರೌಸರಿನದೇ ಆದರೂ, ಪಾಸ್‌ವರ್ಡ್ ಅಥವಾ ಹಣದ ವ್ಯವಹಾರ ಇರುವ ಯಾವ ತಾಣದಲ್ಲಿಯೂ ಅದನ್ನು ಒತ್ತಬಾರದು. ಪ್ರಮಾಣಪತ್ರವನ್ನು ಸಕಾಲದಲ್ಲಿ ನವೀಕರಿಸದೆ, ‘ಪ್ರೊಸೀಡ್ ಒತ್ತಿ ಮುಂದೆ ಹೋಗಿ’ ಎಂದು ಅರ್ಜಿದಾರರಿಗೆ ಹೇಳಿಕೊಡುವ ಕಚೇರಿಗಳ ಬಗ್ಗೆ ನನಗೆ ನಿಜವಾದ ಬೇಸರವಿದೆ. ಒಂದು ಅರ್ಜಿ ಸಲ್ಲಿಸುವ ಸಲುವಾಗಿ ಎಚ್ಚರಿಕೆಯನ್ನು ದಾಟುವುದನ್ನು ಕಲಿತವರು, ನಾಳೆ ಮೋಸದ ತಾಣದ ಮುಂದೆಯೂ ಅದನ್ನೇ ಮಾಡುತ್ತಾರೆ.

ಅತ್ಯಂತ ಕಳವಳದ ಸಂಗತಿ 2024ರಿಂದ ಹರಡಿರುವ, ಭದ್ರತಾ ತಜ್ಞರು ‘ಕ್ಲಿಕ್‌ಫಿಕ್ಸ್’ ಎಂದು ಕರೆಯುವ ವಿಧಾನ. ಈ ಪುಟವನ್ನು ತೋರಿಸುವಲ್ಲಿ ತೊಂದರೆಯಾಗಿದೆ ಎಂಬ ಸಂದೇಶ ಮೂಡುತ್ತದೆ. ನೋಡಲು ಅದು ಥೇಟ್ ಕ್ರೋಮ್ ಅಥವಾ ವರ್ಡ್‌ನ ಎರರ್ ಪೆಟ್ಟಿಗೆಯಂತೆಯೇ ಇರುತ್ತದೆ. ಇತ್ತೀಚಿನ ರೂಪಗಳು ಕ್ಲೌಡ್‌ಫ್ಲೇರ್‌ನ ‘ನೀವು ಮನುಷ್ಯರೇ’ ಎಂಬ ಪರಿಶೀಲನಾ ಪುಟವನ್ನೇ ಅನುಕರಿಸುತ್ತವೆ. ಸರಿಪಡಿಸಲು ಅಥವಾ ಮನುಷ್ಯರೆಂದು ದೃಢಪಡಿಸಲು ಇರುವ ಗುಂಡಿಯನ್ನು ಒತ್ತಿದೊಡನೆ ಆ ಪುಟ ನಮ್ಮ ಅರಿವಿಗೆ ಬಾರದಂತೆ ಒಂದು ಆದೇಶವನ್ನು, ಕಾಪಿ ಮಾಡಿದ್ದನ್ನು ಇಟ್ಟುಕೊಳ್ಳುವ ಕ್ಲಿಪ್‌ಬೋರ್ಡಿಗೆ ಸೇರಿಸುತ್ತದೆ. ಬಳಿಕ ವಿಂಡೋಸ್ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ ಎಂದು ಹಂತಹಂತವಾಗಿ ಹೇಳಿಕೊಡುತ್ತದೆ. ಅಂದರೆ ಆ ಆದೇಶವನ್ನು ವಿಂಡೋಸ್‌ನ ‘ರನ್’ ಪೆಟ್ಟಿಗೆಯಲ್ಲಿ ಅಂಟಿಸಿ ನಾವೇ ಚಲಾಯಿಸುವಂತೆ ಮಾಡುತ್ತದೆ. ಅಷ್ಟನ್ನು ಮಾಡಿದರೆ, ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ನಾವು ಲಾಗಿನ್ ಆಗಿರುವುದನ್ನು ನೆನಪಿಡುವ ಕುಕಿಗಳನ್ನೂ ಕದಿಯುವ ಲುಮ್ಮಾದಂತಹ ತಂತ್ರಾಂಶವೊಂದು ಕಂಪ್ಯೂಟರಿನೊಳಗೆ ಬಂದು ಕೂರುತ್ತದೆ. ಮ್ಯಾಕ್ ಬಳಸುವವರಿಗೆ ಇದೇ ಕೆಲಸವನ್ನು, ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಮಾಡಿಸುತ್ತಾರೆ.

ಇದು ಇಷ್ಟು ಯಶಸ್ವಿಯಾಗುವುದಕ್ಕೆ ಎರಡು ಕಾರಣಗಳಿವೆ. ಬ್ರೌಸರುಗಳು ಅಪಾಯಕಾರಿ ಕಡತಗಳ ಡೌನ್‌ಲೋಡನ್ನು ತಡೆಯುವುದರಲ್ಲಿ ಪಳಗಿವೆ, ಆದರೆ ಆದೇಶವನ್ನು ಬಳಕೆದಾರರೇ ತಮ್ಮ ಕೈಯಿಂದ ಚಲಾಯಿಸಿದರೆ ಬ್ರೌಸರಿನ ಕಾವಲಿಗೆ ಅಲ್ಲಿ ಕೆಲಸವೇ ಇಲ್ಲ. ಎರಡನೆಯದಾಗಿ, ಇಂತಹ ಸಂದೇಶಗಳನ್ನು ಅನೇಕ ವೇಳೆ ಒಳ್ಳೆಯ ತಾಣಗಳಿಗೇ, ಅದರಲ್ಲೂ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಿಂದ ಕಟ್ಟಿ, ನಿರ್ವಹಣೆಯಿಲ್ಲದೆ ಬಿದ್ದಿರುವ ತಾಣಗಳಿಗೆ ಕನ್ನ ಹಾಕಿ ಒಳಸೇರಿಸಿರುತ್ತಾರೆ. ಮೇಲಿನ ವಿಳಾಸ ಸರಿಯಾಗಿದೆಯಲ್ಲ ಎಂಬ ಸಮಾಧಾನ ಆಗ ಕೆಲಸಕ್ಕೆ ಬರುವುದಿಲ್ಲ. ಕೀಲಿಮಣೆಯ ಮೇಲೆ ಇಂತಿಂಥ ಕೀಲಿಗಳನ್ನು ಒತ್ತಿ ಎಂದು ಹೇಳಿ ಬ್ರೌಸರಿನ ಹೊರಗೆ ಏನನ್ನೋ ಅಂಟಿಸಲು ಕೇಳುವ ಪುಟ, ಅದು ಎಷ್ಟೇ ಪರಿಚಿತ ತಾಣದ್ದಾಗಿರಲಿ, ಮೋಸದ್ದೆಂದೇ ತಿಳಿಯಬೇಕು.

ಕೊಂಡಿಯನ್ನು ತೆರೆದು ನೋಡಲೇಬೇಕೆನಿಸಿದರೆ, ಕಂಪ್ಯೂಟರಿನಲ್ಲಿ ಅದರ ಮೇಲೆ ಮೌಸನ್ನು ಸುಮ್ಮನೆ ಇರಿಸಿ, ಫೋನಿನಲ್ಲಿ ಅದನ್ನು ಒತ್ತಿಹಿಡಿದು, ಅದು ಹೋಗುವ ವಿಳಾಸವನ್ನು ಮೊದಲು ಓದಬಹುದು. ಓದುವಾಗ ಮೊದಲ ಒಂಟಿ ಓರೆಗೆರೆಯವರೆಗಿನ (/) ಭಾಗವನ್ನು ಮಾತ್ರ ತೆಗೆದುಕೊಂಡು, ಬಲಗಡೆಯಿಂದ ಎಡಕ್ಕೆ ನೋಡಬೇಕು. ವಿಳಾಸದ ಒಡೆಯರು ಯಾರೆಂಬುದು ಬಲತುದಿಯಲ್ಲಿ, ಡಾಟ್ ಕಾಮ್‌ನಂತಹ ಕೊನೆಗೆ ತಾಗಿದಂತೆ ಇರುತ್ತದೆ. ಎಡಗಡೆ ಯಾರ ಹೆಸರನ್ನು ಬೇಕಾದರೂ ಸೇರಿಸಬಹುದು. ಭಾರತೀಯ ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕುಗಳಿಗೆಂದೇ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಕೊನೆಯನ್ನು ಮೀಸಲಿರಿಸಿ, 2025ರ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗುವಂತೆ ಸೂಚಿಸಿದ್ದರಿಂದ ಈ ಪರಿಶೀಲನೆ ಈಗ ಸುಲಭವಾಗಿದೆ. ಆ ಪದಗಳ ಬಳಿಕ ಮತ್ತೊಂದು ಡಾಟ್, ಮತ್ತೊಂದು ಹೆಸರು ಬಂದರೆ ಅದು ಬ್ಯಾಂಕಿನ ವಿಳಾಸವಲ್ಲ. ನಾನಂತೂ ಕೊಂಡಿಯ ಗೋಜಿಗೇ ಹೋಗದೆ, ಹೊಸ ಟ್ಯಾಬ್ ತೆರೆದು, ತಾಣದ ವಿಳಾಸವನ್ನು ನಾನೇ ಟೈಪ್ ಮಾಡಿ ನೋಡುತ್ತೇನೆ.

ಕ್ಲಿಕ್‌ಫಿಕ್ಸ್ ಪುಟ ಹೇಳಿಕೊಟ್ಟ ಆದೇಶವನ್ನು ಈಗಾಗಲೇ ಅಂಟಿಸಿ ಚಲಾಯಿಸಿದ್ದರೆ, ಕೂಡಲೇ ಇಂಟರ್ನೆಟ್ ಸಂಪರ್ಕವನ್ನು ಕಡಿದು, ಬೇರೊಂದು ಸಾಧನದಿಂದ ಮೊದಲು ಇಮೇಲಿನ, ಆಮೇಲೆ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಬೇಕು. ಎಲ್ಲ ಸಾಧನಗಳಿಂದ ಲಾಗೌಟ್ ಆಗುವ ಆಯ್ಕೆಯನ್ನೂ ಬಳಸಬೇಕು, ಏಕೆಂದರೆ ಕದ್ದ ಕುಕಿಗಳು ಪಾಸ್‌ವರ್ಡ್ ಇಲ್ಲದೆಯೂ ಖಾತೆಯನ್ನು ತೆರೆಯಬಲ್ಲವು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ದೂರು ಕೊಟ್ಟರೆ ಆ ಹಣ ಮುಂದಿನ ಖಾತೆಗಳಿಗೆ ಸಾಗುವ ಮೊದಲೇ ತಡೆಯುವ ಅವಕಾಶ ಅಷ್ಟು ಹೆಚ್ಚು.