ಅಕ್ಕೋರು ಕಲಿಸಿದ ಬಗೆ

ಇಳಕಲ್ಲಿನ ನೇಕಾರರ ಓಣಿಯ ನಮ್ಮ ಸಾಲಿಯಲ್ಲಿ ಕಲಿತವರು ಎಲ್ಲೇ ಕೂಡಲಿ, ಮಾತು ನಮ್ಮ ಶಿಕ್ಷಕಿ ಅಕ್ಕೋರ ಕಡೆ ಹೊರಳುತ್ತದೆ. ಅವರು ತೀರಿಕೊಂಡ ಮೇಲಂತೂ ಎಲ್ಲರ ಬಾಯಲ್ಲೂ ಅವರ ಅಂತಃಕರಣದ್ದೇ ಮಾತು. ಅದು ನಿಜವೇ. ಆದರೆ ಅವರ ಅಂತಃಕರಣ ಇದ್ದದ್ದು ಅವರು ಕಲಿಸುವ ಬಗೆಯಲ್ಲಿ, ಮಗುವಿನ ಕೈ ಕೂಡುವವರೆಗೆ ಮುಂದಿನ ಪಾಠಕ್ಕೆ ಹೋಗದ ಅವರ ಹಟದಲ್ಲಿ. ಅದನ್ನು ಬರೆದಿಡದಿದ್ದರೆ ಅವರೊಂದಿಗೇ ಹೋಗಿಬಿಡುತ್ತದೆ ಎಂದು ಈ ಸಂಚಿಕೆಗೆ ಇಷ್ಟು ಬರೆಯುತ್ತಿದ್ದೇನೆ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಟ್ರೇನಿಂಗ್ ಮುಗಿಸಿ ಅಕ್ಕೋರು ಕೆಲಸಕ್ಕೆ ಸೇರಿದಾಗ ಇಳಕಲ್ಲು ವಿಜಾಪುರ ಜಿಲ್ಲೆಯಲ್ಲಿತ್ತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಜಿಲ್ಲೆ ಬದಲಾದರೂ ಅವರು ಒಂದು, ಎರಡನೆಯ ಇಯತ್ತೆಗಳನ್ನು ಬಿಟ್ಟುಕೊಡಲಿಲ್ಲ. ದೊಡ್ಡ ಇಯತ್ತೆಗೆ ಹೋಗಿರೆಂದು ಹೇಳಿದವರಿಗೆ, "ತಳಾ ಗಟ್ಟಿ ಆಗೂತನಾ ನಾ ಇಲ್ಲೇ ಇರತೀನ್ರಿ" ಎನ್ನುತ್ತಿದ್ದರು. ಮಗ ಸೊಸೆ ದುಡಿಯಲು ಗೋವಾಕ್ಕೆ ಹೋದ ಮೇಲೆ ಇಬ್ಬರು ಮೊಮ್ಮಕ್ಕಳು ಅವರ ಮಡಿಲಿಗೆ ಬಂದರು. ಮನೆಯಲ್ಲಿ ಅವರಿಗೆ "ಅಮ್ಮಾ", ಸಾಲಿಯ ಹೊಸ್ತಿಲು ದಾಟಿದರೆ ಉಳಿದವರ ಹಾಗೆಯೇ "ಅಕ್ಕೋರೆ". ಈ ಕಟ್ಟಳೆಯನ್ನು ಆ ಮಕ್ಕಳು ಒಂದು ದಿನವೂ ಮುರಿದದ್ದನ್ನು ಯಾರೂ ಕಂಡಿಲ್ಲ.

ಓದು ಬರಹದಲ್ಲಿ ಮಕ್ಕಳು ಎಡವುವ ಜಾಗಗಳನ್ನು ಅವರು ಮೊದಲೇ ಬಲ್ಲವರಾಗಿದ್ದರು. ಅರ್ಕಾವತ್ತು ಅಂಥದ್ದೊಂದು. "ಸೂರ್ಯ" ಎಂದು ಬರೆದರೆ ಮಗು "ಸೂಯರ" ಎಂದು ಓದುತ್ತದೆ, ಏಕೆಂದರೆ ಕಣ್ಣಿಗೆ ಮೊದಲು ಕಾಣುವುದು ಯ, ಆಮೇಲೆ ರಕಾರದ ಗುರುತು. ತಪ್ಪು ಮಗುವಿನದಲ್ಲ, ಬರೆಯುವ ಕ್ರಮವೇ ಉಚ್ಚಾರದ ಕ್ರಮಕ್ಕೆ ತಿರುಗುಮುರುಗು. ಅಕ್ಕೋರು ರಟ್ಟಿನ ಮೂರು ಚೂರುಗಳ ಮೇಲೆ ಸೂ, ರ್, ಯ ಎಂದು ಬರೆದು ನೆಲದ ಮೇಲೆ ಅದೇ ಕ್ರಮದಲ್ಲಿ ಇಡುತ್ತಿದ್ದರು. ಮಕ್ಕಳು ಮೂರನ್ನೂ ಕೂಡಿಸಿ ಓದಬೇಕು. ಓದು ಸರಿಯಾದ ಮೇಲೆ ಒಬ್ಬ ಮಗು ಎದ್ದು ನಡುವಿನ ರ್ ಚೂರನ್ನು ಎತ್ತಿ ಯ ದಾಟಿಸಿ ಬಲಕ್ಕೆ ಇಡಬೇಕು, ಇಟ್ಟ ಕೂಡಲೇ ಚೂರನ್ನು ಮಗುಚಬೇಕು. ಅದರ ಬೆನ್ನಿಗೆ ಅರ್ಕಾವತ್ತಿನ ಗುರುತು ಬರೆದಿರುತ್ತಿತ್ತು. ರಕಾರ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನು ತನ್ನ ಕೈಯಿಂದಲೇ ಮಾಡಿದ ಮಗು ಮತ್ತೆ "ಸೂಯರ" ಎನ್ನುತ್ತಿರಲಿಲ್ಲ. ಆಮೇಲೆ ಪಾಟಿಯ (ಸ್ಲೇಟಿನ) ಮೇಲೆ ದರ್ಗಾ, ಅರ್ಧ, ಸರ್ಪ, ಕರ್ಚಿಕಾಯಿ. ಮಗು ದಿನಾ ನೋಡುವ, ತಿನ್ನುವ, ಕೇಳುವ ಶಬ್ದಗಳೇ ಮೊದಲು, ಪುಸ್ತಕದ ಶಬ್ದಗಳು ಆಮೇಲೆ.

ಕಾಗುಣಿತದಲ್ಲಿ ಪ ಮತ್ತು ವ ಬಂದಾಗ ಅವರು ಖಡು (ಸೀಮೆಸುಣ್ಣ) ಕೆಳಗಿಟ್ಟು ಎಲ್ಲರನ್ನೂ ಫಳಿಯ (ಕರಿಹಲಗೆಯ) ಹತ್ತಿರ ಕರೆಯುತ್ತಿದ್ದರು. ಉಳಿದ ಹೆಚ್ಚಿನ ಅಕ್ಷರಗಳಿಗೆ ಕೊಂಬನ್ನು ಬಲಕ್ಕೆ ಹಚ್ಚಿದರೆ ಸಾಕು. ವಕಾರಕ್ಕೆ ಹಾಗೆ ಹಚ್ಚಿದರೆ ಅದು ಮ ಆಗಿ ಕಾಣುತ್ತದೆ, ಆದ್ದರಿಂದ ಪು, ವು ಎರಡಕ್ಕೂ ಕೊಂಬನ್ನು ಕೆಳಗೆ ಇಳಿಬಿಡಬೇಕು. ಈ ಕಾರಣ ಹೇಳದೆ ಬರೀ ತಿದ್ದಿಸಿದರೆ ಮಕ್ಕಳು ವರ್ಷವಿಡೀ ಅದೇ ತಪ್ಪು ಮಾಡುತ್ತಾರೆ ಎಂಬುದು ಅವರ ಅನುಭವ. ನಮ್ಮ ಕಡೆಯ ಮಕ್ಕಳ ಮಾತನ್ನು ಅವರು ತಿದ್ದಲಿಲ್ಲ. "ಬಾಯಾಗ ಮನಿ ಅನ್ನು, ಪಾಟಿ ಮ್ಯಾಲ ಮನೆ ಬರಿ" ಎಂದಷ್ಟೇ ಹೇಳುತ್ತಿದ್ದರು. ಹೀಗಾಗಿ ಮಾತಾಡಲು ಅಂಜುವ ಮಗು ಅವರ ಇಯತ್ತೆಯಲ್ಲಿ ಇರಲಿಲ್ಲ.

ಲೆಕ್ಕದಲ್ಲಿ ಅವರ ವಿಶೇಷವೆಂದರೆ ಪಾವು (ಕಾಲು), ಅರ್ಧ, ಮುಪ್ಪಾವು (ಮುಕ್ಕಾಲು), ಸವ್ವಾ (ಒಂದೂಕಾಲು), ದೀಡ (ಒಂದೂವರೆ), ಅಡೀಚ (ಎರಡೂವರೆ) ಮಗ್ಗಿಗಳು. ಪಠ್ಯದಲ್ಲಿ ಇಲ್ಲದಿದ್ದರೂ ಸಂತೆಯಲ್ಲಿ ಬೇಕೇ ಬೇಕು. "ದೀಡ ಒಂದ್ಲೆ ದೀಡ, ದೀಡ ಎರಡ್ಲೆ ಮೂರು, ದೀಡ ಮೂರ್ಲೆ ಸಾಡೇನಾಕು" ಎಂದು ಇಡೀ ಇಯತ್ತೆ ರಾಗ ಎಳೆಯುತ್ತಿತ್ತು. ಸವ್ವಾದಲ್ಲಿ ಮಾತ್ರ ಅವರು ರಾಗ ನಿಲ್ಲಿಸಿ ನೂಲು ತೆಗೆಯುತ್ತಿದ್ದರು. "ಸವ್ವಾ ಎರಡು" ಎಂದರೆ ಎರಡೂಕಾಲು, "ಸವ್ವಾ ಎರಡ್ಲೆ" ಎಂದರೆ ಎರಡೂವರೆ, ಅಂದರೆ ಅಡೀಚ. ಕಿವಿಗೆ ಎರಡೂ ಒಂದೇ ಥರ ಕೇಳುವುದರಿಂದ ದೊಡ್ಡವರೂ ಅಂಗಡಿಯಲ್ಲಿ ಪಾವು ಕಿಲೋದ ರೊಕ್ಕ ಕಳೆದುಕೊಳ್ಳುತ್ತಾರೆ. ಒಂದು ಗೇಣು ನೂಲನ್ನು ನಾಲ್ಕು ಮಡಿಕೆ ಮಾಡಿ, ಒಂದು ಮಡಿಕೆಯಷ್ಟು ಚೂರನ್ನು ಇನ್ನೊಂದು ಇಡೀ ನೂಲಿಗೆ ಗಂಟು ಹಾಕಿದರೆ ಸವ್ವಾ. ಅಂಥವೆರಡನ್ನು ಉದ್ದಕ್ಕೆ ಜೋಡಿಸಿ ಅಳೆದರೆ ಎರಡು ಇಡೀ, ಎರಡು ಪಾವು. ಮಗ್ಗದ ಮನೆಯ ಮಕ್ಕಳಿಗೆ ನೂಲಿಗೇನು ಬರವೇ?

ಅವರ ಕೈಚಳಕವೆಲ್ಲ ಕಾಣುತ್ತಿದ್ದದ್ದು ಶನಿವಾರ. ಮುಂಜಾನೆ ಸಾಲಿ ಬಿಟ್ಟ ಮೇಲೆ ಅವರ ಮನೆಯ ಕಟ್ಟೆಯ ಮೇಲೆ ಕಸೂತಿ ಹೇಳಿಕೊಡುತ್ತಿದ್ದರು, ಹೆಣ್ಣುಹುಡುಗರಿಗೂ ಗಂಡುಹುಡುಗರಿಗೂ. ಗಾವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕೂ ಹೊಲಿಗೆಗಳು ಅವರಿಗೆ ಬರುತ್ತಿದ್ದವು, ಆದರೆ ಗಾವಂತಿ ಕೂಡದವರಿಗೆ ಮುಂದಿನದು ಇಲ್ಲ. ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು, ಪೆನ್ಸಿಲ್ಲಿನಿಂದ ಗೆರೆ ಎಳೆಯುವಂತಿಲ್ಲ. ಕಲಿಯುವವರಿಗೆ ಎಳೆ ಎದ್ದು ಕಾಣುವ ಮಟ್ಟಿ ಬಟ್ಟೆ, ದಾರದ ಲಡಿಯ ಆರು ಎಳೆಯಲ್ಲಿ ಎರಡೇ ಎಳೆ, ಮೊಂಡು ಮೊನೆಯ ಸೂಜಿ. ಚೂಪು ಸೂಜಿಯಾದರೆ ಎಳೆಯ ನಡುವೆ ಹೋಗದೆ ಎಳೆಯನ್ನೇ ಸೀಳುತ್ತದೆ, ಎಣಿಕೆ ತಪ್ಪುತ್ತದೆ.

ಗಂಟು ಹಾಕುವಂತಿಲ್ಲ. ನಾಲ್ಕು ಬೆರಳು ದಾರ ಹಿಂದೆ ಬಿಟ್ಟು ಸುರು ಮಾಡಬೇಕು, ಕೊನೆಗೆ ಅದನ್ನು ಹಾಕಿದ ಹೊಲಿಗೆಯೊಳಗೇ ಸೇರಿಸಬೇಕು. ನಾಲ್ಕೆಳೆ ಮೇಲೆ, ನಾಲ್ಕೆಳೆ ಕೆಳಗೆ ಎಂದು ಸಾಲು ಮುಗಿಸಿ, ಅದೇ ದಾರಿಯಲ್ಲಿ ಮರಳುತ್ತ ಖಾಲಿ ಬಿಟ್ಟ ಜಾಗ ತುಂಬಿದರೆ ಎರಡೂ ಮಗ್ಗಲು ಒಂದೇ ಥರ ಕಾಣುತ್ತದೆ. ಮಕ್ಕಳು ಸಿಕ್ಕಿಬೀಳುತ್ತಿದ್ದದ್ದು ಕವಲಿನಲ್ಲಿ. ತುಳಸಿಕಟ್ಟೆಯ ಚಿತ್ರದಲ್ಲಿ ನಡುವಿನ ಕಾಂಡದಿಂದ ಎಲೆಗಳು ಹೊರಡುತ್ತವೆ. ಕಾಂಡದ ಹೋಗುವ ಸಾಲು, ಬರುವ ಸಾಲು ಎರಡನ್ನೂ ಮೊದಲೇ ಮುಗಿಸಿಬಿಟ್ಟರೆ ಎಲೆಗೆ ಹೋಗಲು ದಾರಿ ಉಳಿಯುವುದಿಲ್ಲ, ಹಿಂಬದಿಯಲ್ಲಿ ದಾರ ಜಿಗಿಯುತ್ತದೆ. ಆದ್ದರಿಂದ ಕಾಂಡದಲ್ಲಿ ಹೋಗುವಾಗಲೇ ಪ್ರತಿ ಕವಲಿನಲ್ಲಿ ಹೊರಳಿ, ಎಲೆಯ ತುದಿಯವರೆಗೆ ಹೋಗಿ, ತುಂಬಿಕೊಂಡು ಬಂದು, ಮತ್ತೆ ಕಾಂಡ ಹಿಡಿಯಬೇಕು. ಕಾಂಡದ ಖಾಲಿ ಜಾಗ ತುಂಬುವುದು ಎಲ್ಲಕ್ಕಿಂತ ಕೊನೆಗೆ. ಒಂದೇ ಒಂದು ಎಳೆ ಹೆಚ್ಚುಕಡಿಮೆಯಾದರೂ ಆ ತಪ್ಪು ಅಲ್ಲೇ ಕಾಣುವುದಿಲ್ಲ, ಚಿತ್ರದ ಎರಡು ತುದಿ ಕೂಡಬೇಕಾದಲ್ಲಿ ಕಾಣುತ್ತದೆ. ಆಗ ಅಕ್ಕೋರು ಬಟ್ಟೆ ಮಗುಚಿ, ಉಗುರಿನಿಂದ ಎಣಿಸುತ್ತ ಹಿಂದೆ ಹಿಂದೆ ಹೋಗಿ, "ಇಲ್ಲಿ ನೋಡವಾ, ಐದು ಹಿಡದಿ" ಎಂದು ತೋರಿಸುತ್ತಿದ್ದರು. ಬಿಚ್ಚುವ ಕೆಲಸ ಮಗುವಿನದೇ. ದಾರ ಬಿಗಿಯಾಗಿ ಎಳೆದು ಬಟ್ಟೆ ಸುಕ್ಕಾದರೂ ಅಷ್ಟೇ.

ಮೊಮ್ಮಕ್ಕಳ ಓದು ಒಲೆಯ ಮುಂದೆ. ಅವರು ರೊಟ್ಟಿ ಬಡಿಯುತ್ತಿದ್ದರೆ ಮಕ್ಕಳು ಗಟ್ಟಿಯಾಗಿ ಓದಬೇಕು. ಕಣ್ಣು ಹಂಚಿನ ಮೇಲಿದ್ದರೂ ಕಿವಿ ಪುಸ್ತಕದ ಮೇಲೆ. ಭಾನುವಾರ ಗೋವಾಕ್ಕೆ ಪತ್ರ. ನಮ್ಮ ಸಾಲಿಯಲ್ಲಿ ಹೀಗೆ ಅಜ್ಜಿಯ ಹತ್ತಿರ ಉಳಿದ ಮಕ್ಕಳು ಬಹಳ, ಅವರೂ ಇನ್‌ಲ್ಯಾಂಡ್ ಪತ್ರ ಹಿಡಿದು ಬರುತ್ತಿದ್ದರು. "ತೀರ್ಥರೂಪ ತಂದೆಯವರಿಗೆ" ಎಂಬ ಒಕ್ಕಣೆ ಎಲ್ಲರಿಗೂ ಒಂದೇ. ಅದರ ಕೆಳಗೆ "ನಾವು ಕ್ಷೇಮ" ಎಂದಷ್ಟೇ ಬರೆದರೆ ಅಕ್ಕೋರು ಒಪ್ಪುತ್ತಿರಲಿಲ್ಲ. ಆಕಳು ಈಯ್ದಿತೇ, ಹಲ್ಲು ಬಿತ್ತೇ, ಜೋಳ ಎಷ್ಟು ಚೀಲ ಆಯಿತು, ಇಂಥದ್ದೊಂದಾದರೂ ಬೇಕು. ದೂರದಲ್ಲಿ ದುಡಿಯುವವರಿಗೆ ಮನೆ ಕಣ್ಣಿಗೆ ಕಟ್ಟಬೇಕು ಎನ್ನುತ್ತಿದ್ದರು. ವಿಳಾಸದಲ್ಲಿ ಪಿನ್‌ಕೋಡಿನ ಆರು ಅಂಕಿಗಳನ್ನು ಮಗುವಿನಿಂದ ಎರಡು ಸಲ ಓದಿಸಿಯೇ ಅಂಟು ಹಚ್ಚಿಸುತ್ತಿದ್ದರು.

ನಿವೃತ್ತಿಯಾದ ಮೇಲೂ ಶನಿವಾರದ ಕಟ್ಟೆ ನಿಲ್ಲಲಿಲ್ಲ. ಕಣ್ಣು ಮಂಜಾದಾಗ ಎಳೆಗಳನ್ನು ಬೆರಳಿನಿಂದ ತಡವಿ ಎಣಿಸುತ್ತಿದ್ದರು, ಸೂಜಿಗೆ ದಾರ ಪೋಣಿಸುವ ಕೆಲಸ ಮಾತ್ರ ಮೊಮ್ಮಗಳದು.

ಅವರು ಮಕ್ಕಳಿಗೆ ತೋರಿಸಲೆಂದು ಹಾಕಿದ ಮಾದರಿ ಬಟ್ಟೆಯನ್ನು ಮೊಮ್ಮಕ್ಕಳು ಸಾಲಿಗೆ ಕೊಟ್ಟಿದ್ದಾರೆ. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ ಎಲ್ಲವೂ ಅದರಲ್ಲಿವೆ. ಈಗಿನ ಗುರುಗಳಲ್ಲಿ ಒಂದು ವಿನಂತಿ: ಅದಕ್ಕೆ ಗಾಜು ಹಾಕಿ ಗೋಡೆಗೆ ತೂಗುಹಾಕಬೇಡಿ. ಬಿಸಿಲಿಗೆ ಕೆಂಪು ದಾರದ ಬಣ್ಣ ಹಾರುತ್ತದೆ, ಹಿಂಬದಿಯೂ ಮಕ್ಕಳಿಗೆ ಕಾಣದಂತಾಗುತ್ತದೆ. ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣಗಿದ ಬೇವಿನ ಎಲೆಯನ್ನು ಹೊರಗಿನಿಂದ ಇಟ್ಟು ಕಪಾಟಿನಲ್ಲಿಡಿ. ಮಡಿಚಿದ ಜಾಗದಲ್ಲೇ ಮತ್ತೆ ಮಡಿಚಿದರೆ ಎಳೆ ಕಡಿಯುತ್ತದೆ, ಕೋಲಿಗೆ ಸುರುಳಿ ಸುತ್ತಿದರೆ ಇನ್ನೂ ಒಳ್ಳೆಯದು. ಮಕ್ಕಳಿಗೆ ತೋರಿಸುವಾಗ ಕೈ ತೊಳೆಸಿ, ಕೈಗೇ ಕೊಡಿ. ಸುರುವಿಗೆ ತೇರು ಬೇಡ, ಬಲ ಮೂಲೆಯಲ್ಲಿರುವ ತುಳಸಿಕಟ್ಟೆಯಿಂದ ಹೇಳಿಕೊಡಿ. ಅದರಲ್ಲಿ ಕವಲುಗಳು ಕಡಿಮೆ.